ಆರೋಗ್ಯದಾನವೂ ರೋಗಶೋಧನೆಯೂ: ಮಲೆನಾಡಿನ ಜ್ವರಾನಂತರದ ಬಳಲಿಕೆಯನ್ನು ಕುರಿತ ವಿಚಾರ

೧. ಆರೋಗ್ಯದಾನದ ಸ್ವರೂಪ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿಗೆ ಸೇರಿದ ಬಳ್ಳಿಗಾವೆಯಲ್ಲಿ ಕೇದಾರೇಶ್ವರ ದೇವಾಲಯದ ಆಶ್ರಯದಲ್ಲಿ ಕೋಡಿಯ ಮಠವೆಂಬ ಪ್ರಸಿದ್ಧವಾದ ವಿದ್ಯಾಸ್ಥಾನವೊಂದಿದ್ದಿತು. ಕಳಚುರಿ ಬಿಜ್ಜಳನ ಕಾಲಕ್ಕೆ ಸೇರಿದ ಕ್ರಿ. ಶ. ೧೧೬೨ರ ಶಾಸನವು ಈ ಮಠವನ್ನು ವಿಸ್ತಾರವಾಗಿ ವರ್ಣಿಸಿದೆ. ಅಲ್ಲಿ ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳ ವ್ಯಾಖ್ಯಾನವೂ, ನ್ಯಾಯ ವೈಶೇಷಿಕಾದಿ ದರ್ಶನಗಳ ಪಾಠವೂ ನಡೆಯುತ್ತಿದ್ದುವು. ದೀನರಿಗೂ ಅಂಗವಿಕಲರಿಗೂ ಅನ್ನದಾನವಾಗುತ್ತಿದ್ದಿತು. ಅನಾಥರಾದ ರೋಗಿಗಳ ವ್ಯಾಧಿಗಳಿಗೆ ಚಿಕಿತ್ಸೆಯೂ ಅಲ್ಲಿಯೇ ದೊರೆಯುತ್ತಿದ್ದಿತು ಎಂಬುದು ಆ ವರ್ಣನೆಯ ಸಾರವಾಗಿದೆ. ಶಾಸ್ತ್ರಪಾಠವೂ ರೋಗಚಿಕಿತ್ಸೆಯೂ ಒಂದೇ ಸ್ಥಾನದಲ್ಲಿ, ಒಂದೇ ದತ್ತಿಯ ಆದಾಯದಿಂದ ನಡೆಯುತ್ತಿದ್ದುದು ಇಲ್ಲಿ ಗಮನಿಸತಕ್ಕ ಅಂಶ.

ಇದು ಒಂಟಿಯಾದ ನಿದರ್ಶನವಲ್ಲ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರಲ್ಲಿ ಅಧಿಕಾರಿಯಾಗಿದ್ದ ಹೇಮಾದ್ರಿಯು ತನ್ನ ಚತುರ್ವರ್ಗಚಿಂತಾಮಣಿಯ ದಾನಖಂಡದಲ್ಲಿ ಆರೋಗ್ಯದಾನವನ್ನು ಪ್ರತ್ಯೇಕವಾಗಿ ನಿರೂಪಿಸಿದ್ದಾನೆ. ಅವನು ಉದ್ಧರಿಸುವ ನಂದಿಪುರಾಣದ ಮತದಂತೆ ಧರ್ಮಾರ್ಥಕಾಮಮೋಕ್ಷಗಳೆಲ್ಲವೂ ಆರೋಗ್ಯವನ್ನು ಆಶ್ರಯಿಸಿರುವುದರಿಂದ ಆರೋಗ್ಯವನ್ನು ಕೊಟ್ಟವನು ಎಲ್ಲವನ್ನೂ ಕೊಟ್ಟಂತೆ; ಆದುದರಿಂದ ಔಷಧಗಳಿಂದಲೂ ಬಲ್ಲ ವೈದ್ಯನಿಂದಲೂ ಕೂಡಿದ ಆರೋಗ್ಯಶಾಲೆಯನ್ನು ಕಟ್ಟಿಸತಕ್ಕದ್ದು. ಜೈನರು ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂದು ದಾನವನ್ನು ನಾಲ್ಕಾಗಿ ವಿಂಗಡಿಸಿದರು. ತುಂಗೆಯ ದಡದ ಶೃಂಗೇರಿಯಲ್ಲಿ ಶಾರದಾಪೀಠವೂ, ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಬಸದಿಯೂ ಇರುವ ಸೀಮೆಯಲ್ಲಿ ಈ ಎರಡು ಪರಂಪರೆಗಳೂ ಜನರಿಗೆ ಪರಿಚಿತವಾದುವೇ. ಶೃಂಗೇರಿಯ ಶಾರದಾ ಧನ್ವಂತರಿ ಆಸ್ಪತ್ರೆಯು ಹಳೆಯ ಆರೋಗ್ಯದಾನದ ಇಂದಿನ ರೂಪವೆಂದು ಹೇಳಬಹುದಾಗಿದೆ.

ಆದರೆ ಈ ದಾನಗಳೆಲ್ಲಕ್ಕೂ ಒಂದು ಪೂರ್ವಭಾವನೆ ಉಂಟು. ರೋಗವಾವುದು, ಔಷಧವಾವುದು ಎಂಬುದನ್ನು ವೈದ್ಯನು ಬಲ್ಲನು. ಬೇಕಾದದ್ದು ದ್ರವ್ಯ ಮಾತ್ರ ಎಂಬುದೇ ಆ ಭಾವನೆ. ರೋಗದ ಹೆಸರೇ ತಿಳಿಯದಿದ್ದಲ್ಲಿ, ಅಥವಾ ಹೆಸರು ತಿಳಿದಿದ್ದರೂ ಕಾರಣವೂ ಪರಿಹಾರವೂ ತಿಳಿಯದಿದ್ದಲ್ಲಿ ದಾತೃವು ಏನನ್ನು ಕೊಡತಕ್ಕದ್ದು? ಭೈಷಜ್ಯವಿಲ್ಲದಿರುವಾಗ ಭೈಷಜ್ಯವನ್ನು ಹುಡುಕುವವರಿಗೆ ಕೊಡುವ ದಾನವು ಒಂದು ವಿಧದಲ್ಲಿ ಶಾಸ್ತ್ರದಾನವೂ ಇನ್ನೊಂದು ವಿಧದಲ್ಲಿ ಭೈಷಜ್ಯದಾನವೂ ಆಗುತ್ತದೆ. ಆದರೆ ಅದರ ಫಲ ಕೊಡುವಾಗ ಕಾಣುವುದಿಲ್ಲ. ಇಂತಹ ದಾನದಿಂದ ಮಲೆನಾಡಿಗೆ ಒದಗಿದ ಉಪಕಾರವೆಷ್ಟು, ಉಳಿದ ಕೊರತೆಯೇನು ಎಂಬುದೇ ಇಲ್ಲಿಯ ವಿಚಾರ.

೨. ಕ್ಯಾಸನೂರಿನ ಶೋಧನೆ

ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವು ೧೯೧೩ರಲ್ಲಿ ಒಬ್ಬ ಧನಿಕನ ದತ್ತಿಯಿಂದ ಸ್ಥಾಪಿತವಾದುದು. ೧೯೨೦ರ ದಶಕದ ಕೊನೆಯಲ್ಲಿ ಅದರ ನೆರವಿನಿಂದ ಮೈಸೂರು ಸಂಸ್ಥಾನದಲ್ಲಿ ಮಲೇರಿಯಾ ಜ್ವರದ ಶೋಧನೆ ಆರಂಭವಾಯಿತು. ಆಗ ಏರ್ಪಟ್ಟ ಕೇಂದ್ರಗಳಲ್ಲಿ ಮಲೆನಾಡಿನ ಮೂಡಿಗೆರೆಯೂ ಒಂದು. ಇದೇ ಪ್ರತಿಷ್ಠಾನವು ಹಳದಿಜ್ವರವನ್ನು ಕುರಿತು ದೀರ್ಘಕಾಲ ಶೋಧನೆ ನಡೆಸಿದ್ದಿತು. ಅದರ ಪ್ರಯೋಗಶಾಲೆಯಲ್ಲಿ ಆ ಜ್ವರದ ಲಸಿಕೆಯನ್ನು ಸಿದ್ಧಪಡಿಸಿದ ಮ್ಯಾಕ್ಸ್ ಟೈಲರನಿಗೆ ೧೯೫೧ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಕೀಟಗಳಿಂದ ಹರಡುವ ವೈರಸ್ಸುಗಳನ್ನು ಅರಿಯುವ ಉದ್ದೇಶದಿಂದ ೧೯೫೨ರಲ್ಲಿ ಈ ಪ್ರತಿಷ್ಠಾನವೂ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತೂ ಕೂಡಿ ಪುಣೆಯಲ್ಲಿ ವೈರಸ್ ಸಂಶೋಧನ ಕೇಂದ್ರವನ್ನು ತೆರೆದುವು.

ಐದು ವರ್ಷಗಳ ತರುವಾಯ, ೧೯೫೭ರ ಬೇಸಗೆಯಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತಮುತ್ತ ಮಂಗಗಳು ಸಾಯತೊಡಗಿದುವು. ಹಳ್ಳಿಯ ಜನರಿಗೂ ಉಗ್ರವಾದ ಜ್ವರ ಬಂದಿತು. ಮಂಗಗಳ ಸಾವನ್ನು ಕಂಡು ಹಳದಿಜ್ವರವೇ ಏಷ್ಯಾ ಖಂಡವನ್ನು ಹೊಕ್ಕಿತೋ ಎಂಬ ಶಂಕೆಯುಂಟಾಯಿತು. ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೋ, ಪಿ. ಕೆ. ರಾಜಗೋಪಾಲನ್ ಮೊದಲಾದವರು ನಡೆಸಿದ ಪರೀಕ್ಷೆಯಿಂದ ಅದು ಹಳದಿಜ್ವರವಲ್ಲವೆಂದೂ, ರಷ್ಯಾ ದೇಶದ ವಸಂತಗ್ರೀಷ್ಮ ಮಸ್ತಿಷ್ಕಜ್ವರದ ವರ್ಗಕ್ಕೆ ಸೇರಿದ ಹೊಸ ವೈರಸ್ಸೆಂದೂ ನಿರ್ಣಯವಾಯಿತು. ಲೋಕದ ವೈದ್ಯಗ್ರಂಥಗಳಲ್ಲಿ ಅದಕ್ಕೆ ಕ್ಯಾಸನೂರು ಕಾಡಿನ ರೋಗವೆಂದು ಹೆಸರಾಯಿತು. ಮಲೆನಾಡಿನವರು ಮಂಗನ ಕಾಯಿಲೆಯೆಂದು ಕರೆದರು.

ಈ ರೋಗವನ್ನು ಹರಡುವುದು ಮಂಗವಲ್ಲ, ಉಣುಗು. ಕಾಡಿನ ಸಣ್ಣ ಪ್ರಾಣಿಗಳಲ್ಲಿಯೂ ಉಣುಗುಗಳಲ್ಲಿಯೂ ವೈರಸ್ಸು ನೆಲೆಸಿರುತ್ತದೆ. ಮುಸಿಯ, ಕೆಂಪು ಮಂಗ ಎರಡಕ್ಕೂ ತಗಲಿ ಅವು ಸತ್ತರೆ, ಸತ್ತ ಪ್ರಾಣಿಯ ಮೈಯಿಂದ ಉದುರಿದ ಉಣುಗುಗಳು ಆ ಸ್ಥಳದಲ್ಲಿ ದಟ್ಟವಾಗುತ್ತವೆ. ದರಗನ್ನು ಗುಡಿಸಲು, ಸೊಪ್ಪನ್ನು ಕಡಿಯಲು, ಸೌದೆಯನ್ನು ತರಲು, ದನವನ್ನು ಮೇಯಿಸಲು ಕಾಡಿಗೆ ಹೋದವರನ್ನು ಅವು ಕಚ್ಚುತ್ತವೆ. ಮನುಷ್ಯನಿಂದ ಮನುಷ್ಯನಿಗೆ ಈ ಜ್ವರ ಹರಡುವುದಿಲ್ಲ. ಎಳೆಯ ಉಣುಗುಗಳು ಹೆಚ್ಚಾಗಿರುವ ಮಾರ್ಗಶಿರದಿಂದ ಜ್ಯೇಷ್ಠದವರೆಗಿನ ಒಣ ಕಾಲವೇ ಇದರ ಕಾಲ. ಕಾಡಿನೊಳಕ್ಕೆ ಬೇಸಾಯವೂ ದನಗಳ ಮೇವೂ ವಿಸ್ತರಿಸಿದುದರಿಂದ ಉಣುಗಿನ ಸಂಖ್ಯೆ ಹೆಚ್ಚಿತೆಂಬ ಅಭಿಪ್ರಾಯವನ್ನು ಜಾರ್ಜ್ ಬೊಷೆಲ್ ೧೯೬೯ರಲ್ಲಿ ಪ್ರಕಟಿಸಿದರು.

ಹಳದಿಜ್ವರವನ್ನು ಎದುರಿಸಲೆಂದು ಬೆಳೆದ ವಿದ್ಯೆಯು ಹೀಗೆ ಮಲೆನಾಡಿನ ಅಜ್ಞಾತಜ್ವರಕ್ಕೆ ಉಪಯೋಗವಾಯಿತು. ಬೀಜವನ್ನು ಬಿತ್ತಿದವರು ಕ್ಯಾಸನೂರಿನ ಹೆಸರನ್ನು ಕೇಳಿದವರಲ್ಲ. ೧೯೬೭ರಲ್ಲಿ ಪ್ರತಿಷ್ಠಾನವು ನೆರವನ್ನು ನಿಲ್ಲಿಸಲಾಗಿ ಪುಣೆಯ ಕೇಂದ್ರದ ಭಾರವನ್ನು ಪರಿಷತ್ತೇ ಹೊತ್ತಿತು. ೧೯೭೮ರಲ್ಲಿ ಅದಕ್ಕೆ ರಾಷ್ಟ್ರೀಯ ವೈರಾಣು ಸಂಸ್ಥೆಯೆಂಬ ಅರ್ಥದ ಈಗಿನ ಹೆಸರು ಬಂದಿತು. ಈ ರೋಗಕ್ಕೆ ೧೯೯೦ರಿಂದ ಕೊಡುತ್ತಿದ್ದ ಲಸಿಕೆಯು ಸಾಕಷ್ಟು ರಕ್ಷಣೆಯನ್ನು ಕೊಡದೆ ಹೋದುದರಿಂದ ೨೦೨೨ರಲ್ಲಿ ನಿಂತುಹೋಯಿತು. ಹೊಸ ಲಸಿಕೆಯನ್ನು ಸಿದ್ಧಪಡಿಸುವ ಕಾರ್ಯವನ್ನು ಪರಿಷತ್ತು ಕೈಗೊಂಡಿತು. ಅಷ್ಟರೊಳಗೆ ರೋಗವು ಶಿವಮೊಗ್ಗದ ಎಲ್ಲೆಯನ್ನು ಮೀರಿ ಪಶ್ಚಿಮಘಟ್ಟದ ಉದ್ದಕ್ಕೂ ಕೇರಳ, ಗೋವಾ, ಮಹಾರಾಷ್ಟ್ರಗಳವರೆಗೆ ಕಾಣಿಸಿಕೊಂಡಿದ್ದಿತು. ೨೦೨೪ರ ಮೊದಲ ತಿಂಗಳುಗಳಲ್ಲಿ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿಯೂ ಅನೇಕರು ಈ ಜ್ವರಕ್ಕೆ ಈಡಾದರು.

೩. ಕ್ಲಮವೂ ಆಲಸ್ಯವೂ

ಈ ಜ್ವರವು ಥಟ್ಟನೆ ಬರುತ್ತದೆ. ತೀವ್ರವಾದ ತಾಪ, ತಲೆಶೂಲೆ, ಸೊಂಟ ಮೀನಖಂಡಗಳ ಸಹಿಸಲಾಗದ ನೋವು, ಕೆಲವರಲ್ಲಿ ರಕ್ತಸ್ರಾವ. ಒಂದೆರಡು ವಾರಗಳಲ್ಲಿ ಜ್ವರವಿಳಿಯುತ್ತದೆ. ನೂರಕ್ಕೆ ಹತ್ತರಿಂದ ಇಪ್ಪತ್ತು ಮಂದಿಗೆ ಮೂರನೆಯ ವಾರದಲ್ಲಿ ಜ್ವರ ಮರುಕಳಿಸಿ ಮಸ್ತಿಷ್ಕಕ್ಕೆ ಸಂಬಂಧಿಸಿದ ಲಕ್ಷಣಗಳು ತೋರುತ್ತವೆ. ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆಂದು ಗಣನೆ. ಉಳಿದವರು ಗುಣಹೊಂದಿದರೆಂದು ಪಟ್ಟಿಯಲ್ಲಿ ಬರೆಯಲಾಗುತ್ತದೆ. ಆದರೆ ಚೇತರಿಕೆಯು ದೀರ್ಘವಾದುದೆಂಬುದನ್ನು ವೈದ್ಯರು ಮೊದಲಿನಿಂದಲೂ ಹೇಳಿದ್ದಾರೆ. ವಾರಗಳು, ಕೆಲವರಿಗೆ ತಿಂಗಳುಗಳು ಕಳೆದರೂ ಬಲ ಬಾರದು. ಫಾಲ್ಗುಣದಲ್ಲಿ ಜ್ವರದಿಂದೆದ್ದ ಕೂಲಿಗಾರನಿಗೆ ಆಷಾಢದಲ್ಲಿ ನಾಟಿಗಿಳಿಯುವ ಸಾಮರ್ಥ್ಯವಿಲ್ಲದೆ ಹೋದರೆ ಆ ವರ್ಷದ ಅನ್ನವೇ ಹೋದಂತೆ. ಮೈಯಲ್ಲಿ ತಾಪವಿಲ್ಲ, ರಕ್ತಪರೀಕ್ಷೆಯಲ್ಲಿ ದೋಷವಿಲ್ಲ. ಆದುದರಿಂದ ಅವನನ್ನು ಸೋಮಾರಿಯೆಂದು ಕರೆಯುವುದು ಸುಲಭ.

ಈ ಸ್ಥಳದಲ್ಲಿ ಪ್ರಾಚೀನರ ಒಂದು ವಿವೇಚನೆ ಉಪಯುಕ್ತವಾಗಿದೆ. ಸುಶ್ರುತಸಂಹಿತೆಯ ಶಾರೀರಸ್ಥಾನದ ನಾಲ್ಕನೆಯ ಅಧ್ಯಾಯದಲ್ಲಿ ತಂದ್ರಾ, ಜೃಂಭಾ, ಕ್ಲಮ, ಆಲಸ್ಯ, ಗ್ಲಾನಿ ಮುಂತಾದುವುಗಳಿಗೆ ಬೇರೆ ಬೇರೆ ಲಕ್ಷಣಗಳನ್ನು ಹೇಳಿದೆ. ಆಯಾಸಪಡದೆಯೇ ದೇಹದಲ್ಲಿ ಬೆಳೆಯುವ, ಏದುಸಿರಿಲ್ಲದ, ಇಂದ್ರಿಯಗಳು ತಮ್ಮ ವಿಷಯಗಳನ್ನು ಗ್ರಹಿಸಲು ಅಡ್ಡಿಮಾಡುವ ಶ್ರಮವೇ ಕ್ಲಮ. ಶಕ್ತಿಯಿದ್ದೂ ಸುಖದ ಆಸೆಯಿಂದ ಕೆಲಸದಲ್ಲಿ ಉತ್ಸಾಹವಿಲ್ಲದಿರುವುದೇ ಆಲಸ್ಯ. ಎರಡಕ್ಕೂ ಇರುವ ಭೇದವೆಲ್ಲ ಶಕ್ತಿಯಿದೆಯೋ ಇಲ್ಲವೋ ಎಂಬುದರಲ್ಲಿಯೇ ಇದೆ. ಹೊರಗಿನಿಂದ ನೋಡುವವನಿಗೆ ಇಬ್ಬರೂ ಮಲಗಿರುವವರೇ. ಚರಕಸಂಹಿತೆಯ ಜ್ವರಚಿಕಿತ್ಸಾಧ್ಯಾಯವು ಜ್ವರಮುಕ್ತನಾದವನು ಬಲ ಬರುವವರೆಗೆ ವ್ಯಾಯಾಮ, ವ್ಯವಾಯ, ಸ್ನಾನ, ಸಂಚಾರಗಳನ್ನು ಬಿಡತಕ್ಕದ್ದೆಂದೂ, ಬಲ ಬರುವ ಮೊದಲೇ ಅವುಗಳಿಗೆ ತೊಡಗಿದರೆ ಜ್ವರ ಮರುಕಳಿಸುವುದೆಂದೂ ಎಚ್ಚರಿಸುತ್ತದೆ.

ಪ್ರಾಚೀನರು ವೈರಸ್ಸನ್ನು ಬಲ್ಲವರಾಗಿದ್ದರೆಂದು ಇದರಿಂದ ಸಾಧಿಸಹೊರಡುವುದು ತರವಲ್ಲ. ಅವರು ರೋಗಿಯ ಮಾತನ್ನು ಕೇಳಿ ಲಕ್ಷಣಗಳನ್ನು ಬೇರ್ಪಡಿಸಿದರು ಎಂಬುದಷ್ಟೇ ಇಲ್ಲಿ ಸಿದ್ಧವಾಗುವುದು. ಆದರೆ ಆ ಬೇರ್ಪಡಿಸುವಿಕೆಯೇ ಪಾಶ್ಚಾತ್ಯ ವೈದ್ಯದಲ್ಲಿ ಬಹುಕಾಲ ವಿವಾದದ ವಿಷಯವಾಯಿತು.

೪. ರೋಗಿಗಳೇ ದಾತೃಗಳಾದ ಬಗೆ

೧೯೫೫ರಲ್ಲಿ ಲಂಡನ್ ನಗರದ ರಾಯಲ್ ಫ್ರೀ ಆಸ್ಪತ್ರೆಯ ಅನೇಕ ಸಿಬ್ಬಂದಿಗೆ ಜ್ವರದಂತಹ ವ್ಯಾಧಿಯೊಂದು ತಗಲಿ, ಕೆಲವರಲ್ಲಿ ಬಳಲಿಕೆಯು ವರ್ಷಗಟ್ಟಲೆ ಉಳಿಯಿತು. ಮರುವರ್ಷ ಅದಕ್ಕೆ ಮಯಾಲ್ಜಿಕ್ ಎನ್ಸೆಫಲೋಮಯಲೈಟಿಸ್ ಎಂಬ ಹೆಸರು ಬಂದಿತು. ಅಲ್ಲಿ ರೋಗಿಗಳನ್ನು ನೋಡಿದ ಮೆಲ್ವಿನ್ ರಾಮ್ಸೆ ಎಂಬ ವೈದ್ಯರು ಇದು ದೇಹದ ರೋಗವೇ ಎಂದು ಕೊನೆಯವರೆಗೂ ವಾದಿಸಿದರು. ೧೯೭೦ರಲ್ಲಿ ಇಬ್ಬರು ಮನೋವೈದ್ಯರು ಇದನ್ನು ಸಾಮೂಹಿಕ ಉನ್ಮಾದವೆಂದು ಬರೆದರು. ೧೯೮೮ರಲ್ಲಿ ಅಮೆರಿಕದವರು ದೀರ್ಘಕಾಲಿಕ ಬಳಲಿಕೆಯ ಲಕ್ಷಣಸಮೂಹವೆಂಬ ಅರ್ಥದ ಮತ್ತೊಂದು ಹೆಸರನ್ನಿಟ್ಟರು. ಸ್ವಲ್ಪ ಶ್ರಮಪಟ್ಟರೂ ಮರುದಿನ ಅಥವಾ ಅದರಾಚೆಯ ದಿನ ದೇಹವು ಕುಸಿಯುವುದೇ ಇದರ ಮುಖ್ಯಲಕ್ಷಣವೆಂದು ಈಗ ಒಪ್ಪಲಾಗಿದೆ.

ಹೆಸರೇ ವಿವಾದದಲ್ಲಿದ್ದ ರೋಗಕ್ಕೆ ಸರ್ಕಾರಗಳ ಧನ ಬಹಳ ಅಲ್ಪವಾಗಿ ದೊರೆಯಿತು. ಆಗ ರೋಗಿಗಳೂ ಅವರ ಬಂಧುಗಳೂ ತಾವೇ ಸಂಘಗಳನ್ನು ಕಟ್ಟಿಕೊಂಡರು. ಇಂಗ್ಲೆಂಡಿನಲ್ಲಿ ಎಂ. ಇ. ಅಸೋಸಿಯೇಷನ್ ೧೯೭೬ರಲ್ಲಿಯೂ, ಸ್ಕಾಟ್ಲೆಂಡಿನ ಪರ್ತ್ ನಗರದಲ್ಲಿ ಎಂ. ಇ. ರಿಸರ್ಚ್ ಯು. ಕೆ. ೨೦೦೦ದಲ್ಲಿಯೂ, ಅಮೆರಿಕದಲ್ಲಿ ಓಪನ್ ಮೆಡಿಸಿನ್ ಫೌಂಡೇಷನ್ ೨೦೧೨ರಲ್ಲಿಯೂ ಹುಟ್ಟಿದುವು. ಇವುಗಳ ಧನಸಂಗ್ರಹದ ಕ್ರಮ ವಿಲಕ್ಷಣವಾದುದು. ಹಾಸಿಗೆಯನ್ನು ಬಿಟ್ಟೇಳಲಾರದವನ ಹೆಸರಿನಲ್ಲಿ ಅವನ ಅಣ್ಣನೋ ಮಗಳೋ ಇಷ್ಟು ಮೈಲಿ ನಡೆಯುವುದಾಗಿ ಅಥವಾ ಓಡುವುದಾಗಿ ಸಂಕಲ್ಪಿಸುತ್ತಾರೆ. ನೆರೆಹೊರೆಯವರು ಅದಕ್ಕೆ ತಕ್ಕಷ್ಟು ಕಾಣಿಕೆ ಕೊಡುತ್ತಾರೆ. ಮೇ ತಿಂಗಳ ೧೨ನೆಯ ದಿನವನ್ನು ಈ ರೋಗದ ಸ್ಮರಣೆಗೆ ಮೀಸಲಿಟ್ಟಿದ್ದಾರೆ. ಅದು ಫ್ಲಾರೆನ್ಸ್ ನೈಟಿಂಗೇಲಳ ಜನ್ಮದಿನ. ಕ್ರೈಮಿಯಾ ಯುದ್ಧದ ತರುವಾಯ ಬಹುವರ್ಷ ರೋಗಶಯ್ಯೆಯಲ್ಲಿದ್ದುಕೊಂಡೇ ಭಾರತದ ನೈರ್ಮಲ್ಯವನ್ನು ಕುರಿತು ಬರೆದವಳು ಆಕೆ.

ಇಂತಹ ದಾನದಿಂದ ನಡೆದ ಶೋಧನೆಯೆಲ್ಲವೂ ಫಲಿಸಲಿಲ್ಲ. ೨೦೦೯ರಲ್ಲಿ ಅಮೆರಿಕದ ಖಾಸಗಿ ದತ್ತಿಯ ಸಂಸ್ಥೆಯೊಂದರಿಂದ ಎಕ್ಸ್. ಎಂ. ಆರ್. ವಿ. ಎಂಬ ವೈರಸ್ಸೇ ಈ ರೋಗಕ್ಕೆ ಸಂಬಂಧಿಸಿದುದೆಂಬ ಲೇಖನ ಪ್ರಕಟವಾಯಿತು. ಇತರ ಪ್ರಯೋಗಶಾಲೆಗಳಲ್ಲಿ ಅದು ದೃಢಪಡಲಿಲ್ಲ. ಪ್ರಯೋಗದ್ರವ್ಯಗಳಲ್ಲಿ ಸೇರಿಕೊಂಡ ಕಲ್ಮಷವೇ ಕಾರಣವೆಂದು ತೋರಿ ೨೦೧೧ರಲ್ಲಿ ಲೇಖನವನ್ನು ಹಿಂತೆಗೆದುಕೊಳ್ಳಲಾಯಿತು. ಆದರೆ ಸಂಘಗಳು ನಿಲ್ಲಲಿಲ್ಲ. ೨೦೨೧ರಲ್ಲಿ ಇಂಗ್ಲೆಂಡಿನ ನೈಸ್ ಸಂಸ್ಥೆಯು, ವ್ಯಾಯಾಮವನ್ನು ಕ್ರಮವಾಗಿ ಹೆಚ್ಚಿಸುತ್ತ ಹೋಗುವ ಚಿಕಿತ್ಸೆಯನ್ನು ಈ ರೋಗಿಗಳಿಗೆ ವಿಧಿಸಕೂಡದೆಂದು ತೀರ್ಮಾನಿಸಿತು. ೨೦೨೦ರಲ್ಲಿ ಅಲ್ಲಿಯ ಸರ್ಕಾರದ ಶೋಧನನಿಧಿಗಳು ೩೨ ಲಕ್ಷ ಪೌಂಡುಗಳನ್ನು ಕೊಡಲಾಗಿ, ರೋಗಿಗಳ ಸಂಘವೊಂದೂ ಎಡಿನ್‌ಬರೋ ವಿಶ್ವವಿದ್ಯಾನಿಲಯವೂ ಕೂಡಿ ಡಿಕೋಡ್ ಎಂ. ಇ. ಎಂಬ ಕಾರ್ಯವನ್ನು ಕೈಗೊಂಡುವು. ರೋಗಿಗಳು ಮನೆಯಿಂದಲೇ ಎಂಜಲನ್ನು ಶೀಶೆಯಲ್ಲಿ ಕಳುಹಿಸಿದರು. ೧೫,೫೭೯ ರೋಗಿಗಳ ಪರೀಕ್ಷೆಯಿಂದ ವಂಶಧಾತುವಿನ ಎಂಟು ಸ್ಥಾನಗಳಲ್ಲಿ ಭೇದವಿದೆಯೆಂದು ೨೦೨೫ರಲ್ಲಿ ತಿಳಿದುಬಂದಿತು.

ಮಲೆನಾಡಿಗೆ ಹತ್ತಿರವಾದ ಸಂಗತಿ ಇನ್ನೊಂದಿದೆ. ಆಸ್ಟ್ರೇಲಿಯದ ಡಬ್ಬೋ ಎಂಬ ಊರಿನ ಸೀಮೆಯಲ್ಲಿ ಮೂರು ಬೇರೆ ಬೇರೆ ಸೋಂಕುಗಳಿಗೆ ಈಡಾದ ೨೫೩ ಮಂದಿಯನ್ನು ವರ್ಷಕಾಲ ಕಂಡು ವಿಚಾರಿಸಿ ೨೦೦೬ರಲ್ಲಿ ವರದಿಯನ್ನು ಪ್ರಕಟಿಸಿದರು. ಸೋಂಕುಗಳಲ್ಲಿ ಸೊಳ್ಳೆಯಿಂದ ಹರಡುವ ರಾಸ್ ನದಿಯ ವೈರಸ್ಸೂ ಒಂದಾಗಿದ್ದಿತು. ಸೋಂಕು ಯಾವುದೇ ಆಗಿರಲಿ, ಆರು ತಿಂಗಳಾದ ಮೇಲೆ ನೂರಕ್ಕೆ ಸುಮಾರು ಹನ್ನೆರಡು ಮಂದಿಯಲ್ಲಿ ಬಳಲಿಕೆ ಉಳಿದಿದ್ದಿತು. ಮೊದಲ ಜ್ವರ ಎಷ್ಟು ಉಗ್ರವಾಗಿದ್ದಿತೆಂಬುದರಿಂದ ಇದನ್ನು ಊಹಿಸಬಹುದಾಗಿದ್ದಿತೇ ಹೊರತು ರೋಗಿಯ ಮನಸ್ಸಿನ ಸ್ಥಿತಿಯಿಂದಲ್ಲ.

೫. ದಾನದ ಷಡಂಗಗಳು

ಮಂಗನ ಕಾಯಿಲೆಯ ಅನಂತರದ ನಿಶ್ಶಕ್ತಿಯೂ ಮೇಲೆ ಹೇಳಿದ ರೋಗವೂ ಒಂದೇ ಎಂದು ಹೇಳಲಾಗದು. ಹಾಗೆ ಹೇಳುವುದಕ್ಕೆ ಎಣಿಕೆ ಬೇಕು. ಕೀಟದಿಂದ ಬಂದ ಸೋಂಕಿನ ತರುವಾಯ ದೂರದೇಶದ ಒಂದು ಊರಿನಲ್ಲಿ ಮಾಡಿದಷ್ಟನ್ನು ಇಲ್ಲಿಯೂ ಮಾಡಬಹುದೆಂಬುದಷ್ಟೇ ನಿಶ್ಚಯ. ಅಂತಹ ಕಾರ್ಯಕ್ಕೆ ಕೊಡುವ ದ್ರವ್ಯವು ದಾನವೆನಿಸಿಕೊಳ್ಳುವುದೇ ಎಂಬುದನ್ನು ದೇವಲನು ಹೇಳಿದ ದಾನದ ಆರು ಅಂಗಗಳಿಂದ ಪರೀಕ್ಷಿಸಬಹುದು. ದಾತೃ, ಪ್ರತಿಗ್ರಹೀತೃ, ಶ್ರದ್ಧೆ, ಧರ್ಮಯುಕ್ತವಾದ ದೇಯ, ದೇಶ, ಕಾಲ ಇವೇ ಆ ಅಂಗಗಳು.

ದಾತೃವಿನ ಉದ್ದೇಶವು ಪ್ರಕಟವಾಗಿರತಕ್ಕದ್ದು. ಕ್ಯಾಸನೂರಿನ ವೈರಸ್ಸನ್ನು ವಲಸೆಯ ಹಕ್ಕಿಗಳು ತಂದುವೋ ಎಂಬ ಶಂಕೆಯಿಂದ ಸಾಲಿಂ ಅಲಿಯವರ ನೇತೃತ್ವದಲ್ಲಿ ಮುಂಬಯಿಯ ನಿಸರ್ಗೇತಿಹಾಸ ಸಂಘವು ಹಕ್ಕಿಗಳಿಗೆ ಉಂಗುರ ತೊಡಿಸುವ ಕಾರ್ಯವನ್ನು ನಡೆಸಿತು. ಅದಕ್ಕೆ ಬಂದ ಧನದಲ್ಲಿ ಅಮೆರಿಕದ ಸೈನ್ಯದ ಪಾಲೂ ಇದ್ದುದು ೧೯೭೦ರ ದಶಕದಲ್ಲಿ ಸಂಸತ್ತಿನವರೆಗೆ ಚರ್ಚೆಗೆ ಬಂದಿತು. ಶೋಧನೆಯು ಉತ್ತಮವಾಗಿದ್ದರೂ ಕೊಡುವವನ ಮನಸ್ಸಿನಲ್ಲಿ ಸಂಶಯಕ್ಕೆ ಎಡೆಯಿದ್ದರೆ ದಾನ ಕೆಡುತ್ತದೆಂಬುದಕ್ಕೆ ಇದು ನಿದರ್ಶನ. ಪ್ರತಿಗ್ರಹೀತೃವು ಪಾತ್ರನಾಗಿರಬೇಕು, ಎಂದರೆ ಲೆಕ್ಕವನ್ನು ಒಪ್ಪಿಸುವವನೂ, ತಪ್ಪಿದಾಗ ತಪ್ಪಿದೆನೆಂದು ಹೇಳುವವನೂ ಆಗಿರಬೇಕು. ಶ್ರದ್ಧೆಯೆಂದರೆ ಫಲ ಕಾಣದಿದ್ದರೂ ಕೊಡುವ ಧೈರ್ಯ; ೨೦೧೧ರ ತರುವಾಯವೂ ರೋಗಿಗಳ ಸಂಘಗಳು ತೋರಿಸಿದುದು ಅದನ್ನೇ. ದೇಯವು ಹಣವೇ ಆಗಬೇಕೆಂಬ ನಿಯಮವಿಲ್ಲ. ರಕ್ತದ ಮಾದರಿಯನ್ನು ಕೊಡುವ ಕೂಲಿಗಾರನೂ, ದಿನಚರಿಯನ್ನು ಬರೆದಿಡುವ ಶಾಲಾಬಾಲಕಿಯೂ, ಮನೆಮನೆಗೆ ಹೋಗಿ ವಿಚಾರಿಸುವ ಆರೋಗ್ಯ ಕಾರ್ಯಕರ್ತೆಯೂ ದಾತೃಗಳೇ.

ದೇಶಕಾಲಗಳು ತಾವಾಗಿಯೇ ಒದಗಿವೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳು ಒಂದಕ್ಕೊಂದು ತಗುಲಿದ ಸಣ್ಣ ತಾಲ್ಲೂಕುಗಳು. ಜ್ವರ ಬಂದವರ ಹೆಸರು ಆಸ್ಪತ್ರೆಗಳ ದಾಖಲೆಯಲ್ಲಿದೆ. ಜ್ವರದ ಋತುವೂ ಗೊತ್ತಿರುವುದು. ಪ್ರತಿ ಬೇಸಗೆಯಲ್ಲಿ ಪರೀಕ್ಷೆಯಾದವರು, ಸೋಂಕು ತಗಲಿದವರು, ಮೃತರಾದವರು ಎಂಬ ಮೂರು ಸಂಖ್ಯೆಗಳು ಪ್ರಕಟವಾಗುತ್ತವೆ. ಆರು ತಿಂಗಳಾದ ಮೇಲೂ ತೋಟಕ್ಕೆ ಹೋಗಲಾರದವರು ಎಷ್ಟು ಮಂದಿ ಎಂಬ ನಾಲ್ಕನೆಯ ಸಂಖ್ಯೆ ಆ ಸಾಲಿನಲ್ಲಿಲ್ಲ. ಅದನ್ನು ಬರೆಯಲು ದೊಡ್ಡ ಪ್ರಯೋಗಶಾಲೆ ಬೇಕಿಲ್ಲ. ಒಂದು ದಾಖಲೆಯ ಪುಸ್ತಕ, ವರ್ಷಕ್ಕೆ ಎರಡು ಬಾರಿ ಮನೆಗೆ ಹೋಗಿ ವಿಚಾರಿಸುವ ಒಬ್ಬ ಬಲ್ಲವನು, ಅವನ ವೇತನಕ್ಕೆ ಸಾಲುವ ದತ್ತಿ ಇಷ್ಟೇ ಸಾಕು. ಎಣಿಸಲ್ಪಡದ ರೋಗಿಗೆ ಔಷಧವನ್ನು ಹುಡುಕುವವರು ಯಾರೂ ಇರುವುದಿಲ್ಲ. ಅವನು ಮನೆಯವರ ದೃಷ್ಟಿಯಲ್ಲಿಯೂ ಕ್ರಮೇಣ ತನ್ನ ದೃಷ್ಟಿಯಲ್ಲಿಯೂ ಆಲಸಿಯಾಗಿಯೇ ಉಳಿಯುತ್ತಾನೆ.

ಬಳ್ಳಿಗಾವೆಯ ಮಠದಲ್ಲಿ ಶಾಸ್ತ್ರವನ್ನು ಓದಿಸುವವರಿಗೂ ರೋಗಿಗೆ ಮದ್ದನ್ನು ಕೊಡುವವರಿಗೂ ಒಂದೇ ದತ್ತಿಯಿಂದ ಜೀವನ ನಡೆಯುತ್ತಿದ್ದಿತು. ಮಲೆನಾಡಿನ ತೋಟದ ಒಡೆಯರೂ, ದೇವಸ್ಥಾನ ಬಸದಿಗಳ ಧರ್ಮದರ್ಶಿಗಳೂ, ಊರ ಹೊರಗೆ ನೆಲಸಿದ ಮಲೆನಾಡಿನ ವಿದ್ಯಾವಂತರೂ ತಮ್ಮ ದತ್ತಿಯ ಒಂದು ಭಾಗವನ್ನು ಈ ನಾಲ್ಕನೆಯ ಸಂಖ್ಯೆಗಾಗಿ ಬಿಟ್ಟುಕೊಟ್ಟರೆ, ಹೇಮಾದ್ರಿಯು ನಿರೂಪಿಸಿದ ಆರೋಗ್ಯದಾನದಲ್ಲಿ ಅದು ಸೇರುವುದೆಂಬುದರಲ್ಲಿ ಸಂದೇಹವಿರಲಾರದು.